ಸುವಾರ್ತೆಯೂ ಬರೀ ಕಥೆಯೇ?

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಕಾಲೇಜು ಹುಡುಗನೊಬ್ಬ, ‘ಆಧುನಿಕೋತ್ತರ ಚಿಂತಕರ ಪ್ರಕಾರ ಸತ್ಯವೇ ಇಲ್ಲ, ಸುವಾರ್ತೆಯೂ ಒಂದು ಕಥೆ’ ಅಂದ. ಏನು ಹೇಳಲಿ ಸರ್?
– ಓದುಗರು, ಬೀದರ್

ಉತ್ತರ: ಆಧುನಿಕೋತ್ತರ ಚಿಂತನೆಗೆ ಹೆಸರಾದ ಫ್ರೆಂಚ್ ತತ್ವಜ್ಞಾನಿ ಲಿಯೋತಾರ್ 1979ರಲ್ಲಿ ಬರೆದದ್ದು ‘ಸತ್ಯವಿಲ್ಲ’ ಎಂದಲ್ಲ, ಮಹಾಕಥನಗಳ (ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ವಿವರಿಸುವ ದೊಡ್ಡ ಕಥನಗಳ) ಮೇಲಿನ ಅಪನಂಬಿಕೆಯೇ ಆಧುನಿಕೋತ್ತರ ಸ್ಥಿತಿ ಎಂದು. ವಿಜ್ಞಾನ, ಪ್ರಗತಿಯ ಹೆಸರಲ್ಲಿ ತನಗೆ ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳುವ ಕಥನಗಳ ಮೇಲೆ ಅವರ ಕಣ್ಣಿತ್ತು. ‘ಹಾಗಾದರೆ ನಾವು ಪಾರು’ ಅಂದುಬಿಡಬೇಡಿ: ಮುಂದೆ ಅವರೇ ಕ್ರೈಸ್ತ ಕಥನವನ್ನೂ ಆ ಸಾಲಿಗೆ ಸೇರಿಸಿದರು.

ದಕ್ಷಿಣ ಭಾರತದಲ್ಲಿ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಅವರ ಉತ್ತರ ಗಟ್ಟಿಯಾದದ್ದು. ಯಾವುದೋ ನಂಬಿಕೆಯ ಮೇಲೆ ನಿಲ್ಲದೆ ಯಾರೂ ಏನನ್ನೂ ಅರಿಯಲಾರರು. ಸಂದೇಹಿಗೂ ಕಾಲೂರಲು ನೆಲ ಬೇಕು.

ಮುಂದಿನ ಸಲ ಮಾರ್ಕ 16:1–8, ಯೋಹಾನ 20:1–18 ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಯೇಸುವಿನ ಸಮಾಧಿಯಲ್ಲಿ ಕಂಡವರು ಮಾರ್ಕನ ಪ್ರಕಾರ ಒಬ್ಬ ಯುವಕ, ಯೋಹಾನನ ಪ್ರಕಾರ ಇಬ್ಬರು ದೇವದೂತರು. ಎರಡನ್ನೂ ಕಲಸಿ ಒಂದೇ ಕಥೆ ಮಾಡಲು ಹೋದರೆ ಹುಡುಗನ ಅನುಮಾನ ಇನ್ನೂ ಬಲಿಯುತ್ತದೆ. ಸಭೆ ನಾಲ್ಕು ಸುವಾರ್ತೆಗಳೆಂಬ ನಾಲ್ಕು ಸಾಕ್ಷಿಗಳನ್ನು ಹಾಗೆಯೇ ಉಳಿಸಿಕೊಂಡದ್ದೇಕೆ ಎಂದು ಅವನನ್ನೇ ಕೇಳಿ.