ಪ್ರತಿಕ್ರಿಯೆ: .357 ರಿವಾಲ್ವರ್‌ಗೆ ಕಡಿಮೆ ಬೆಲೆಯ ಗುಂಡು

ಟೆಕ್ಸಾಸ್‌ನಲ್ಲಿ .357 ಮ್ಯಾಗ್ನಮ್ ರಿವಾಲ್ವರ್ ಕೊಂಡಿದ್ದೀರಿ, ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ ಅಗ್ಗದ ಗುಂಡು ಯಾವುದು ಅಂತ ಕೇಳಿದ್ದೀರಿ. .38 ಸ್ಪೆಷಲ್ ತಗೊಳ್ಳಿ. ನಿಮ್ಮ ರಿವಾಲ್ವರ್‌ನಲ್ಲೇ ಅದನ್ನು ಹೊಡೆಯಬಹುದು. ಬೆಲೆ ಸಾಮಾನ್ಯವಾಗಿ ಕಡಿಮೆ, ಕೈಗೆ ಒದೆತವೂ ಕಡಿಮೆ. ಆದರೆ .38ರ ರಿವಾಲ್ವರ್‌ಗೆ .357 ಮಾತ್ರ ಹಾಕಲೇಬೇಡಿ, ಆ ಒತ್ತಡವನ್ನು ಅದು ತಡೆಯುವುದಿಲ್ಲ. ಹಾಗೆ ಆಗದಿರಲಿ ಅಂತಲೇ 1930ರ ದಶಕದಲ್ಲಿ ಮ್ಯಾಗ್ನಮ್ ತೋಟಾದ ಲೋಹದ ಕೋಶವನ್ನು .38ರ ಕೋಶಕ್ಕಿಂತ 3 ಮಿ.ಮೀ.ಗೂ ತುಸು ಜಾಸ್ತಿ ಉದ್ದ ಮಾಡಿದರು.

130 ಗ್ರೇನ್‌ನ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ), ತಾಮ್ರದ ಕವಚ ಇರುವ ಗುಂಡು ಸಾಕು. ಕಾಗದದ ಗುರಿಗೆ ಹಾಲೋ ಪಾಯಿಂಟ್ (ತುದಿಯಲ್ಲಿ ಟೊಳ್ಳು ಇರುವ ಗುಂಡು) ಯಾಕೆ, ಸುಮ್ನೆ ದುಡ್ಡು ದಂಡ. 158 ಗ್ರೇನ್‌ನ ಬರೀ ಸೀಸದ್ದೂ ಚೆನ್ನಾಗಿದೆ, ಆದರೆ ಕೆಲವು ಒಳಾಂಗಣ ರೇಂಜ್‌ಗಳು ಬಿಡುವುದಿಲ್ಲ, ಮೊದಲೇ ಕೇಳಿ. .38 ಜಾಸ್ತಿ ಹೊಡೆದರೆ ಸಿಲಿಂಡರ್ ತೂತುಗಳೊಳಗೆ ಮಸಿ ಕಟ್ಟುತ್ತದೆ, ಪ್ರತಿ ಸಲ ಬ್ರಷ್ ಹಾಕಿ.