ಬೀದಿಯ ಬಾರ್ ನಿಯಮ ಬದಲಾಯಿಸಲು ಬೆಂಗಳೂರಿನ ಪಾಲಿಕೆಗೆ ಯಾಕೆ ಆಗುವುದಿಲ್ಲ?

ಯಾಕೆಂದರೆ ಆ ಅಧಿಕಾರ ಪಾಲಿಕೆಯದ್ದಲ್ಲ. ಮದ್ಯ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ, ಅಂದರೆ ಅದರ ಕಾನೂನು ಮಾಡುವುದು ರಾಜ್ಯದ ಕೆಲಸ. ಹಾಗಾಗಿ ಬಾರ್ ಲೈಸೆನ್ಸ್ ಕೊಡುವುದು ರಾಜ್ಯದ ಅಬಕಾರಿ ಇಲಾಖೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ.

ಬೋರ್ಡ್ ಮೇಲೆ ಸಿಎಲ್-2, ಸಿಎಲ್-9 ಅಂತ ನೋಡಿರುತ್ತೀರಿ ಅಲ್ವಾ? ಮೊದಲನೆಯದು ಬಾಟಲಿ ಕೊಂಡು ಮನೆಗೆ ಒಯ್ಯುವ ಅಂಗಡಿ, ಎರಡನೆಯದು ಕೂತು ಕುಡಿಯುವ ಬಾರ್. 1992ರಿಂದ ದಶಕಗಳ ಕಾಲ ಸರ್ಕಾರ ಈ ಎರಡು ಬಗೆಯ ಲೈಸೆನ್ಸ್ ಹೊಸದಾಗಿ ಕೊಡಲಿಲ್ಲ. ಊರು ಮಾತ್ರ ಬೆಳೆಯುತ್ತಲೇ ಹೋಯಿತು. ಹಾಗಾಗಿ ಹಳೇ ಲೈಸೆನ್ಸೇ ಕೈಯಿಂದ ಕೈಗೆ, ಬೀದಿಯಿಂದ ಬೀದಿಗೆ ಹೋಗುತ್ತದೆ. ನಿಮ್ಮ ಬಡಾವಣೆಯ 'ಹೊಸ' ಬಾರ್‌ನ ಲೈಸೆನ್ಸ್ ಬಹಳ ಹಳೆಯದಿರಬಹುದು.

ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರದ ನಿಯಮವೂ ಅಬಕಾರಿಯದ್ದೇ. ತಕರಾರಿದ್ದರೆ ಪಾಲಿಕೆಗೆ ಸುಮ್ನೆ ಅಲೆಯಬೇಡಿ, ಅಬಕಾರಿ ಉಪ ಆಯುಕ್ತರಿಗೆ ಬರೆದುಕೊಡಿ.