ಬೇಸಿಗೆಯಲ್ಲಿ ಹಿಮವೇ ಇಲ್ಲದಾಗ ಕ್ರಾಸ್‌ಕಂಟ್ರಿ ಸ್ಕೀ (ಹಿಮದ ಹಾದಿಯಲ್ಲಿ ಸ್ವಂತ ಬಲದಿಂದ ದೂರ ಸಾಗುವ ಸ್ಕೀ) ಕ್ಲಬ್‌ನವರು ಮಕ್ಕಳಿಗೆ ಏನು ತರಬೇತಿ ಕೊಡುತ್ತಾರೆ? ಆರು ವಾರ ಬೆಂಗಳೂರಿಗೆ ಹೋಗಿಬಂದರೆ ನನ್ನ ಹದಿಮೂರರ ಮಗ ಹಿಂದೆ ಬೀಳುತ್ತಾನೆಯೇ?

ಖಂಡಿತ ಹಿಂದೆ ಬೀಳುವುದಿಲ್ಲ, ಧೈರ್ಯವಾಗಿ ಟಿಕೆಟ್ ಮಾಡಿಸಿ. ಆದರೆ ವಾರಕ್ಕೆ ನಾಲ್ಕು ದಿನದ ವೇಳಾಪಟ್ಟಿ ನೋಡಿ "ಇದೆಲ್ಲ ಫೀಸಿಗಾಗಿ ಮಾಡುವುದಾ?" ಎಂದೂ ಕೇಳಿದ್ದೀರಿ. ಅದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು. ನಾವೂ ನಿಮ್ಮ ಹಾಗೆ ಅಮೆರಿಕದ ಮಿನ್ನೆಸೋಟದ ಮಿನಿಯಾಪೊಲಿಸ್ ಕಡೆಯವರು. ಮಗಳು ಮಿಡಲ್ ಸ್ಕೂಲಿನಲ್ಲಿ ಕ್ಲಬ್ ಸೇರಿದವಳು ಈಗ ಹೈಸ್ಕೂಲ್ ಟೀಮಿನಲ್ಲಿದ್ದಾಳೆ. ನಾನು ಕೋಚ್ ಅಲ್ಲ, ಪಾರ್ಕಿಂಗ್ ಲಾಟಿನಲ್ಲಿ ಕಾಯುತ್ತಾ ಕೂತು ಕಲಿತ ಅಮ್ಮ.

ಇಲ್ಲಿ ಶಾಲೆಯ ಸ್ಕೀ ಸೀಸನ್ ನವೆಂಬರ್ ನಡುವೆ ಶುರುವಾಗಿ ಫೆಬ್ರವರಿಗೆ ಮುಗಿದೇ ಹೋಗುತ್ತದೆ. ಆ ಮೂರು ತಿಂಗಳು ರೇಸುಗಳಿಗೇ ಸಾಲುವುದಿಲ್ಲ. ಕಾಲು, ತೋಳು, ಬೆನ್ನು, ಹೊಟ್ಟೆ ಎಲ್ಲವೂ ಒಟ್ಟಿಗೆ ದುಡಿಯುವ ಆಟ ಇದು. ಅದಕ್ಕೆ ಬೇಕಾದ ಉಸಿರಿನ ತಾಕತ್ತು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನಿಧಾನವಾಗಿ ಕೂಡಿಕೊಳ್ಳಬೇಕು. ಹಿಮವನ್ನಂತೂ ಈಗ ನಂಬುವ ಹಾಗೇ ಇಲ್ಲ. 2024ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ದೊಡ್ಡ ರೇಸ್ ಅಮೆರಿಕನ್ ಬರ್ಕಿಬೈನರ್ ನಡೆದದ್ದು ಯಂತ್ರದಲ್ಲಿ ಮಾಡಿದ ಹಿಮ ಹಾಸಿದ 10 ಕಿಲೋಮೀಟರಿನ ಸುತ್ತಿನಲ್ಲಿ. ಸುತ್ತಲಿನ ಕಾಡೆಲ್ಲ ಬೋಳುಬೋಳು.

ಬೇಸಿಗೆಯ ವಾರದಲ್ಲಿ ಸಾಮಾನ್ಯವಾಗಿ ಒಂದು ದಿನ ರೋಲರ್‌ಸ್ಕೀ (ರಸ್ತೆಯ ಮೇಲೆ ಉರುಳುವ ಚಕ್ರದ ಸ್ಕೀ), ಒಂದು ದಿನ ಓಟದ ಜೊತೆ ಪುಲ್ಅಪ್, ಡಿಪ್ಸ್, ಪ್ಲ್ಯಾಂಕ್ ಥರದ ಕಸರತ್ತು, ಒಂದು ದಿನ ಗುಡ್ಡದ ಏರಿನಲ್ಲಿ ಬೌಂಡಿಂಗ್ ಇರುತ್ತದೆ. ಬೌಂಡಿಂಗ್ ಎಂದರೆ ಪೋಲ್ (ಸ್ಕೀ ಕೋಲು) ಊರಿಕೊಂಡು, ಸ್ಕೀ ಕಟ್ಟಿದವರ ಹಾಗೆಯೇ ಹೆಜ್ಜೆ ಚಿಮ್ಮಿಸುತ್ತಾ ಹತ್ತುವುದು. ನೋಡುವವರಿಗೆ ತಮಾಷೆ, ಮಾಡುವವರಿಗೆ ಏದುಸಿರು. ವಾರಾಂತ್ಯದಲ್ಲಿ ಉದ್ದದ ಓಟ, ಚಾರಣ ಅಥವಾ ಸೈಕಲ್. ನಡುನಡುವೆ ಫುಟ್‌ಬಾಲ್, ಕೆರೆಯಲ್ಲಿ ಈಜು. ಚಿಕ್ಕ ಮಕ್ಕಳಿಗೆ ಈ ಕೊನೆಯ ಭಾಗವೇ ಹೆಚ್ಚು, ಹೆಚ್ಚಿರಲೂಬೇಕು. ಕೆನಡಾದ ಕಾಡ್ಗಿಚ್ಚಿನ ಹೊಗೆ ಇತ್ತ ತಿರುಗಿದ ದಿನ ಎಲ್ಲವೂ ರದ್ದು, ಅದಕ್ಕೆ ಗೊಣಗಬೇಡಿ.

ರೋಲರ್‌ಸ್ಕೀ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಈ ವರ್ಷ ಬೇಡ. ಕ್ಲಬ್‌ನಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಇದರಲ್ಲಿ ಎರಡು ಬಗೆ: ಕಾಲು ನೇರಕ್ಕೆ ಹಿಂದೆಮುಂದೆ ಹಾಕುವ ಕ್ಲಾಸಿಕ್, ಸ್ಕೇಟಿಂಗ್‌ನ ಹಾಗೆ ಪಕ್ಕಕ್ಕೆ ತಳ್ಳುವ ಸ್ಕೇಟ್. ಕ್ಲಾಸಿಕ್‌ನದರಲ್ಲಿ ಚಕ್ರ ಅಗಲ, ಒಂದು ಚಕ್ರ ಮುಂದಕ್ಕೆ ಮಾತ್ರ ಉರುಳುತ್ತದೆ, ಹಿಂದಕ್ಕೆ ಲಾಕ್ ಆಗುತ್ತದೆ. ಸ್ಕೇಟ್‌ನದು ಗಿಡ್ಡ, ಚಕ್ರ ಸಣಕಲು. ಎರಡಕ್ಕೂ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಹೌದು, ಸರಿಯಾಗಿಯೇ ಓದಿದಿರಿ. ಕಾಲುಗಳನ್ನು ವಿ ಆಕಾರಕ್ಕೆ ತಂದು ವೇಗ ತಗ್ಗಿಸುವುದು, ತೀರಾ ಆಗದಿದ್ದರೆ ಪಕ್ಕದ ಹುಲ್ಲಿಗೆ ಹೆಜ್ಜೆ ಹಾಕಿ ಓಡಿ ನಿಲ್ಲುವುದು, ಇದನ್ನೇ ಮೊದಲು ಕಲಿಸುತ್ತಾರೆ. ಕಲಿಸದೆ ಇಳಿಜಾರಿಗೆ ಬಿಡುವ ಕ್ಲಬ್ ಆದರೆ ಬೇರೆ ಕ್ಲಬ್ ಹುಡುಕಿ, ಅಷ್ಟೆ. ಹೆಲ್ಮೆಟ್, ಗ್ಲೌಸ್, ಎದ್ದು ಕಾಣುವ ಬಣ್ಣದ ವೆಸ್ಟ್ ಇಲ್ಲದೆ ರಸ್ತೆಗಿಳಿಯಕೂಡದು. ಪೋಲು ಹಿಮದಲ್ಲಿ ಹೂತುಹೋಗದಂತೆ ತುದಿಗಿರುವ ಬುಟ್ಟಿ ತೆಗೆದು ಕಾರ್ಬೈಡ್ ಮೊನೆ ಹಾಕಿಸಬೇಕು. ಡಾಂಬರಿಗೆ ಅದು ಬೇಗ ಮೊಂಡಾಗುತ್ತದೆ, ಡೈಮಂಡ್ ಅರದಲ್ಲಿ ಆಗಾಗ ಉಜ್ಜಿಕೊಡಿ. ಮೊಂಡು ಮೊನೆ ಜಾರಿದರೆ ಭುಜ ನೋವು ಖಾತ್ರಿ.

ಇನ್ನು ನನಗೆ ನಿಜವಾಗಿ ಹೇಳಬೇಕಿರುವುದು. ನಮ್ಮವರಿಗೆ, ಅಂದರೆ ಟ್ಯೂಷನ್‌ನಲ್ಲಿ ಬೆಳೆದ ಅಪ್ಪ ಅಮ್ಮಂದಿರಿಗೆ, ಮಕ್ಕಳು ನಿಧಾನವಾಗಿ ಓಡುವುದನ್ನು ನೋಡಿದರೆ ಫೀಸು ದಂಡವಾಯಿತು ಎನಿಸುತ್ತದೆ. ಇಲ್ಲಿ ಶ್ರಮವನ್ನು ಒಂದರಿಂದ ಐದರವರೆಗೆ ಲೆವೆಲ್ ಹಾಕಿ ಅಳೆಯುತ್ತಾರೆ. ಲೆವೆಲ್ ಒಂದೆಂದರೆ ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಹರಟೆ ಹೊಡೆಯುತ್ತಾ ಹೋಗುವಷ್ಟು ಸಲೀಸು. ವಿಶ್ವಕಪ್ ಮಟ್ಟದವರು ವರ್ಷಕ್ಕೆ 800 ಗಂಟೆಗೂ ಮೇಲೆ ತರಬೇತಿ ಮಾಡುತ್ತಾರೆ, ಅದರ ಬಹುಪಾಲು ಇಂಥ ಸಲೀಸಾದದ್ದೇ. ನಿಮ್ಮ ಮಗನಿಗೆ ಆ ಗಂಟೆಗಳ ಮೂರನೇ ಒಂದು ಭಾಗವೂ ಬೇಕಿಲ್ಲ. ಕಾರಿನ ಕಿಟಕಿಯಿಂದ "ಜೋರಾಗಿ ಓಡೋ!" ಎಂದು ಕೂಗಬೇಡಿ. ದಿನಾ ಅರೆಬರೆ ಏದುಸಿರಿನಲ್ಲಿ ಓಡುವ ಹುಡುಗ ಆಗಸ್ಟ್‌ಗೇ ಸುಸ್ತಾಗಿ, ಡಿಸೆಂಬರ್‌ಗೆ ಆಟವನ್ನೇ ಬಿಡುತ್ತಾನೆ. ಈ ವಯಸ್ಸಿನಲ್ಲಿ ಎತ್ತರ ಸರಸರ ಏರುವುದರಿಂದ ಮೊಣಕಾಲಿನ ಕೆಳಗಿನ ಉಬ್ಬಿನಲ್ಲಿ ನೋವು ಬರುವುದೂ ಉಂಟು. ಆಗ ಓಟ ನಿಲ್ಲಿಸಿ, ಸೈಕಲ್ ಅಥವಾ ಈಜು ಮಾಡಿಸಿ.

ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕ್ ಅಥವಾ ಲಾಲ್‌ಬಾಗ್ ಸಾಕು. ಬಡಾವಣೆಯ ರಸ್ತೆಯಲ್ಲಿ ಓಡಿಸಬೇಡಿ, ನಾಯಿಗಳಿಗೆ ಲೆವೆಲ್ ಒಂದು ಅರ್ಥವಾಗುವುದಿಲ್ಲ. ಮೈಸೂರಿಗೆ ಹೋಗುವವರಿದ್ದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆಯಲ್ಲ, ಏರುವ ತಾಲೀಮಿಗೆ ಅದಕ್ಕಿಂತ ಬೇಕೆ? ಪೋಲ್ ಒಯ್ದರೆ ತುದಿಗೆ ರಬ್ಬರ್ ಹಾಕಿ, ಕಲ್ಲಿನ ಮೇಲೆ ಲೋಹ ಜಾರುತ್ತದೆ. ಕೋಲಿದ್ದರೆ ಮಂಗಗಳೂ ಸ್ವಲ್ಪ ಮರ್ಯಾದೆ ಕೊಡುತ್ತವೆ. ಇಳಿಯುವಾಗ ಮಾತ್ರ ಬಸ್ಸು, ಬೆಳೆಯುವ ಮೊಣಕಾಲಿಗೆ ಸಾವಿರ ಮೆಟ್ಟಿಲ ಇಳಿತ ಒಳ್ಳೆಯದಲ್ಲ. ಹಿಮವಿಲ್ಲದ ನಾಡಿನವರಿಗೆ ಈ ಆಟ ಯಾಕೆ ಎಂದು ನೆಂಟರು ಕೇಳಿದರೆ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಹೇಳಿ. 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಕೀ ಸ್ಪರ್ಧೆಯ 5 ಕಿಲೋಮೀಟರಿನಲ್ಲಿ ಕಂಚು ಗೆದ್ದವರು.

ಅದೇ ನೆಂಟರು "ಎಷ್ಟು ಸೊರಗಿದ್ದಾನೆ" ಎಂದೋ "ದಪ್ಪಗಾದ" ಎಂದೋ ಅನ್ನದಂತೆ ನೋಡಿಕೊಳ್ಳಿ. ಇದು ಹುಡುಗಿಯರಿಗೆ ಮಾತ್ರ ತಟ್ಟುವ ಮಾತಲ್ಲ. ನಮ್ಮ ಮಿನ್ನೆಸೋಟದವರೇ ಆದ, 2018ರ ಒಲಿಂಪಿಕ್ಸ್‌ನಲ್ಲಿ ಕ್ರಾಸ್‌ಕಂಟ್ರಿ ಸ್ಕೀ ಟೀಮ್ ಸ್ಪ್ರಿಂಟ್ ಚಿನ್ನ ಗೆದ್ದ ಜೆಸ್ಸಿ ಡಿಗ್ಗಿನ್ಸ್ ಹದಿಹರೆಯದಲ್ಲಿ ತಮ್ಮನ್ನು ಕಾಡಿದ ಈಟಿಂಗ್ ಡಿಸಾರ್ಡರ್ (ತಿನ್ನುವುದಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ) ಬಗ್ಗೆ ಬಹಿರಂಗವಾಗಿಯೇ ಮಾತಾಡಿದ್ದಾರೆ. ತರಬೇತಿ ಮುಗಿದ ಕೂಡಲೇ ಕಾರಿನಲ್ಲೇ ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಮನೆಗೆ ಬಂದು ಹೊಟ್ಟೆತುಂಬ ಊಟ. ಸಸ್ಯಾಹಾರಿಗಳಾದರೆ ಕಬ್ಬಿಣಾಂಶದ ಪರೀಕ್ಷೆ ಬೇಕಾ ಎಂದು ಮಕ್ಕಳ ಡಾಕ್ಟರನ್ನು ಕೇಳಿ, ಮಾತ್ರೆ ನೀವೇ ಶುರು ಮಾಡಬೇಡಿ.

ಹೊರಡುವ ಮುಂಚೆ ಕೋಚ್‌ಗೆ ಒಂದು ಇಮೇಲ್ ಹಾಕಿದರೆ ಆರು ವಾರಕ್ಕೆ ಹೊಂದುವ ಪಟ್ಟಿ ಬರೆದುಕೊಡಬಹುದು. ವಾಪಸ್ ಬಂದ ಮೊದಲ ವಾರ ಬರೀ ಓಟ, ಆಟ. ಜೆಟ್‌ಲ್ಯಾಗ್ ಇಳಿಯುವವರೆಗೆ ಬ್ರೇಕಿಲ್ಲದ ಚಕ್ರದ ಮೇಲೆ ಹತ್ತಿಸಬೇಡಿ. ಬೂಟನ್ನೂ ಅದಾದ ಮೇಲೇ ಕೊಳ್ಳಿ. ಈ ವಯಸ್ಸಿನ ಕಾಲು ಒಂದು ಬೇಸಿಗೆಯಲ್ಲಿ ಒಂದು ಸೈಜು ಹೆಚ್ಚಾದರೂ ಆಶ್ಚರ್ಯವಿಲ್ಲ. ಚಳಿಗಾಲಕ್ಕೆ ಮುಂಚೆ ನಡೆಯುವ ಸ್ಕೀ ಸ್ವ್ಯಾಪ್‌ನಲ್ಲಿ (ಬಳಸಿದ ಸ್ಕೀ ಸಾಮಾನಿನ ಸಂತೆ) ಬೇರೆ ಮಕ್ಕಳಿಗೆ ಚಿಕ್ಕದಾದ ಒಳ್ಳೆ ಬೂಟುಗಳು ಅಗ್ಗಕ್ಕೇ ಸಿಗುತ್ತವೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.